ಸಾಮಾನು ಕೋಣೆಯ ದನಿಗಳು

ಜನವರಿ 9

ಮರಿ,

ನೀನು ಫೋನ್ ಎತ್ತುತ್ತಿಲ್ಲ. ಮೆಸೇಜು ಹಾಕಿದರೆ ನೋಡಿದ ಗುರುತು ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ. ಇನ್ನೊಂದು ಕಾರಣವೂ ಇದೆ. ನನ್ನ ಫೋನು, ಕಂಪ್ಯೂಟರು, ಗೋಡೆಯ ಮೇಲಿನ ಸ್ಪೀಕರು, ಎಲ್ಲವೂ ನೀನು ಕಟ್ಟಿಕೊಟ್ಟ ಜಾಲದೊಳಗಿವೆ. ಅಲ್ಲಿ ಏನು ಬರೆದರೂ ನೀನು ಇಣುಕಿ ನೋಡಬಹುದು ಎಂದು ಮೊದಲ ಸಲ ಅನ್ನಿಸಿತು. ಸ್ವಂತ ಅಕ್ಕನ ಮಗನ ಬಗ್ಗೆ ಹೀಗನ್ನಿಸಿತಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿದೆ. ನಿನ್ನ ಮೇಲೆ ಬರಬೇಕೋ ಬೇಡವೋ ಎಂದು ನೀನೇ ಹೇಳು.

ಸೋಮವಾರ ಬಟ್ಟೆ ಒಗೆಯುವ ಮೆಷಿನ್ನು ನಡುವೆಯೇ ನಿಂತುಹೋಯಿತು. ಒದ್ದೆ ಕೈಯಲ್ಲೇ ರಿಪೇರಿ ಕಂಪನಿಗೆ ಫೋನ್ ಮಾಡಿದೆ. "ನಮಸ್ಕಾರ. ನಿಮ್ಮ ಕರೆ ನಮಗೆ ಅಮೂಲ್ಯ. ಹೊಸ ದೂರಿಗೆ ಒಂದನ್ನು ಒತ್ತಿ, ಹಳೆಯ ದೂರಿಗೆ ಎರಡನ್ನು ಒತ್ತಿ" ಅಂದಿತು. ಮರಿ, ಅದು ನಮ್ಮ ಹರಾಜಿನವರ ದನಿ.

ಹೋಲಿಕೆ ಅನ್ನಬೇಡ. ಹಳೇ ಕುರ್ಚಿ ಮೇಜು ಹರಾಜು ಹಾಕಿಕೊಂಡೇ ಜೀವನ ಮಾಡಿದ ಮನುಷ್ಯ ಅವರು. "ಎರಡು" ಅನ್ನುವಾಗ ನಡುವೆ ಎಳೆದು ನಿಲ್ಲಿಸುತ್ತಾರೆ, ಹಿಂದಿನ ಸಾಲಿನಲ್ಲಿ ಇನ್ನೊಬ್ಬ ಕೈ ಎತ್ತಲಿ ಎಂದು ಕಾಯುವ ಅಭ್ಯಾಸ. ಇಡೀ ಆಯುಷ್ಯ ಬೇರೆಯವರ ಬಾಯಿ ನೋಡಿ ಮಾತು ತಿದ್ದಿದವಳು ನಾನು. ಮತ್ತೆ ಮತ್ತೆ ಫೋನ್ ಮಾಡಿ ಕೇಳಿದೆ. ಬಟ್ಟೆ ಮೆಷಿನ್ನಿನಲ್ಲೇ ನೆನೆದು ವಾಸನೆ ಹಿಡಿಯಿತು, ದೂರು ಮಾತ್ರ ಕೊಡಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಮರೆತಂತಿದೆ. ಹರಾಜಿನವರು ತೀರಿಕೊಂಡು ಎರಡು ವರ್ಷವಾಯಿತು. ಗಂಟಲಪೆಟ್ಟಿಗೆ ತೆಗೆಯುವ ಆಪರೇಷನ್ನಿಗೆ ಮೊದಲು ಅವರು ನನ್ನ ಮುಂದೆ ಕೂತು ಪುಟಗಟ್ಟಲೆ ಓದಿ ದನಿ ರೆಕಾರ್ಡ್ ಮಾಡಿಸಿದರು. ನನ್ನ ಹತ್ತಿರ ಬಂದವರೆಲ್ಲ ಹಾಗೇ ಮಾಡಿಸಿದವರು. ಆಮೇಲೆ ಅವರು ಫೋನಿನಲ್ಲಿ ಟೈಪ್ ಮಾಡಿದರೆ ಅವರದೇ ದನಿ ಹೇಳುತ್ತದೆ. ಒಬ್ಬೊಬ್ಬರೂ ಕೇಳಿದ್ದು ಒಂದೇ ಪ್ರಶ್ನೆ: "ನಮ್ಮ ದನಿ ಬೇರೆಯವರ ಕೈಗೆ ಹೋಗಲ್ವಲ್ಲಮ್ಮಾ?" ದೊಡ್ಡ ಕಂಪನಿಯ ಕಂಪ್ಯೂಟರಿನಲ್ಲಿ ಇಟ್ಟುಬಿಡೋಣ ಎಂದು ಆಸ್ಪತ್ರೆಯವರು ಅಂದಾಗ ಬೇಡವೇ ಬೇಡ ಅಂದವಳು ನಾನು.

ಆಗ ನೀನು ಬಂದೆ. ಸಾಮಾನು ಕೋಣೆಯಲ್ಲಿ ಹಳೇ ಸೂಟ್‌ಕೇಸು ಸರಿಸಿ ಆ ಕಪ್ಪು ಪೆಟ್ಟಿಗೆ ಇಟ್ಟೆ. "ಚಿಕ್ಕಮ್ಮ, ಸರ್ವರ್ ನಿಮ್ಮನೇಲೇ ಇರತ್ತೆ. ಇಂಟರ್ನೆಟ್ ಕಡೆ ಬಾಗಿಲು ತೆಗೆದಿಟ್ರೆ ದಾರೀಲಿ ಹೋಗೋರೆಲ್ಲ ಬಂದು ಚಿಲಕ ಅಲ್ಲಾಡಿಸ್ತಾರೆ. ಅದಕ್ಕೆ ಬಾಗಿಲೇ ಇಡಲ್ಲ. ನಮ್ಮದೇ ಖಾಸಗಿ ಜಾಲ, ಒಂದೊಂದು ಫೋನಿಗೂ ಒಂದೊಂದು ಕೀಲಿ. ಕೀಲಿ ಇಲ್ದೋರಿಗೆ ಇಲ್ಲೊಂದು ಮನೆ ಇದೆ ಅಂತಾನೇ ಗೊತ್ತಾಗಲ್ಲ" ಎಂದು ವಿವರಿಸಿದೆ. ಚಿಕ್ಕಂದಿನಲ್ಲಿ ನಿನ್ನ ತೊದಲು ಬಿಡಿಸಿದವಳು ನಾನು. ಇಷ್ಟುದ್ದದ ಮಾತು ಎಡವದೆ ಬಂತಲ್ಲ ಎಂದು ಅವತ್ತು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಈಗ ನನ್ನ ಹತ್ತಿರ ಬರುತ್ತಿರುವವರು ಒಬ್ಬ ಬಸ್ ಕಂಡಕ್ಟರಮ್ಮ. ಮಾರ್ಚಿನಲ್ಲಿ ಆಪರೇಷನ್. ಗಂಡ ಟೈಲರಾಗಿದ್ದವರು, ಕಣ್ಣು ಪೂರ್ತಿ ಹೋಗಿದೆ. "ಬರ್ದು ತೋರಿಸಿದ್ರೆ ಅವರಿಗೇನು ಕಾಣತ್ತೆ, ಮಣ್ಣು? ನಾನು ಮನೇಲಿದೀನಿ ಅಂತ ಅವರಿಗೆ ಗೊತ್ತಾಗೋದೇ ನನ್ನ ಬಾಯಿಂದ. ನನ್ನ ದನಿ ಉಳಿಸ್ಕೊಡಿ" ಎಂದು ಕೇಳಿಕೊಂಡು ಬಂದಿದ್ದಾರೆ. ರೆಕಾರ್ಡಿಂಗ್ ಇನ್ನೇನು ಶುರುವಾಗಬೇಕು. ಅವರಿಗೆ ನಾನು ಏನು ಹೇಳಲಿ? ಹೌದು ಅಥವಾ ಇಲ್ಲ, ಅಷ್ಟು ಬರೆ ಸಾಕು. ಹರಾಜಿನವರ ದನಿ ನನ್ನ ಸಾಮಾನು ಕೋಣೆಯಿಂದ ಹೋಯಿತೇ?

ನಿನ್ನ ಚಿಕ್ಕಮ್ಮ


ಜನವರಿ 20

ಪ್ರೀತಿಯ ಚಿಕ್ಕಮ್ಮನಿಗೆ,

ನಮಸ್ಕಾರ. ಕೆಲಸದಲ್ಲಿ ಮುಳುಗಿ ಫೋನ್ ಎತ್ತಲಾಗಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಕೋಳಿಕಾಲು ಅಕ್ಷರ ನಿಮಗೆ ಗೊತ್ತಲ್ಲ, ಅದಕ್ಕೇ ಟೈಪ್ ಮಾಡಿ ಕಳಿಸುತ್ತಿದ್ದೇನೆ.

ದಯವಿಟ್ಟು ಗಾಬರಿಯಾಗಬೇಡಿ. ಈಗಿನ ಯಂತ್ರಗಳು ಹಲವರ ದನಿ ಬೆರೆಸಿ ಒಂದು ದನಿ ಮಾಡುತ್ತವೆ. ಯಾರದೋ ಯಾರಿಗೋ ಹೋಲುವುದು ಸಹಜ. ನಿಮಗೆ ಹರಾಜಿನವರ ಮೇಲೆ ವಿಶ್ವಾಸ ಜಾಸ್ತಿ ಇತ್ತು, ಹಾಗಾಗಿ ಕೇಳಿಸಿರಬಹುದು. ನಿಮ್ಮ ಸಮಾಧಾನಕ್ಕೆ ಜಾಲವನ್ನು ಪೂರ್ತಿ ಪರೀಕ್ಷಿಸಿದೆ. ಹೊರಗಿನಿಂದ ಯಾರೂ ನುಗ್ಗಿಲ್ಲ. ಇದನ್ನು ಅಮ್ಮನ ಮೇಲೆ ಆಣೆ ಮಾಡಿ ಹೇಳುತ್ತೇನೆ.

ನೀವು ಸರ್ವರನ್ನು ಮುಟ್ಟಲು ಹೋಗಬೇಡಿ, ಏನಾದರೂ ಕೆಟ್ಟರೆ ಅದನ್ನು ನಂಬಿಕೊಂಡವರ ಬಾಯಿ ಕಟ್ಟಿಹೋಗುತ್ತದೆ. ಕಂಡಕ್ಟರಮ್ಮನ ರೆಕಾರ್ಡಿಂಗ್ ಶುರುಮಾಡಿ, ಪಾಪ, ದಿನ ಹೋಗುತ್ತಿದೆ. ಹರಾಜಿನವರ ಮನೆಯವರಿಗೆ ಈ ವಿಷಯ ಹೇಳಿ ಸುಮ್ಮನೆ ನೋಯಿಸುವುದು ಬೇಡ.

ನಿಮ್ಮ ಮರಿ


ಜನವರಿ 30

ಮರಿ,

ಕಿವಿಯನ್ನೇ ನಂಬಿ ಬದುಕಿದವಳ ಕಿವಿಯ ಮೇಲೆ ಹೂವು ಇಡಲು ಬಂದೆಯಲ್ಲೋ!

ಹೇಳಬೇಡ ಎಂದು ನೀನು ಬರೆದದ್ದಕ್ಕೇ ನಾನು ಹರಾಜಿನವರ ಮನೆಗೆ ಹೋದೆ. ಹೋಗುವ ಮೊದಲು ಜಾಲದ ಪಟ್ಟಿ ತೆಗೆದು ನೋಡಿದೆ. ಯಾರ ಯಂತ್ರ ಒಳಗೆ ಬಂದಿದೆಯೋ ಅದರ ಮುಂದೆ ಹಸಿರು ಚುಕ್ಕಿ ಇರುತ್ತದೆ ಎಂದು ನೀನೇ ತೋರಿಸಿದ್ದೆ. ಬಳಸದ ಯಂತ್ರಗಳನ್ನು ಆಗಾಗ ತೆಗೆದುಹಾಕಬೇಕು, ಅದೇ ಕ್ರಮ ಎಂದೂ ನೀನೇ ಹೇಳಿದ್ದೆ. ನಾನೇ ಒಪ್ಪಿರಲಿಲ್ಲ. ತೀರಿಕೊಂಡವರ ಹೆಸರು ಹೊಡೆದುಹಾಕಲು ನನಗೆ ಕೈ ಬರಲಿಲ್ಲ. ಅವರ ಮನೆಯವರಿಗೆ ಯಾವತ್ತಾದರೂ ಆ ದನಿ ಕೇಳಬೇಕೆನ್ನಿಸಿದರೆ ಕೇಳಲಿ ಎಂದು ಹಾಗೇ ಉಳಿಸಿದ್ದೆ.

"ಹರಾಜಿನವರ ಟ್ಯಾಬ್" ಎಂಬ ಹೆಸರಿನ ಮುಂದೆ ಹಸಿರು ಚುಕ್ಕಿ ಇತ್ತು. ಹೊಸದೇನಲ್ಲ. ಕಳೆದ ವರ್ಷವೆಲ್ಲ ನಾನು ಯಾವಾಗ ನೋಡಿದರೂ ಇತ್ತು. ಪಾಪ, ಆ ಹೆಂಗಸು ಗಂಡನ ದನಿ ಕೇಳಿಕೊಂಡು ಕೂತಿದ್ದಾಳೆ ಎಂದು ಎಷ್ಟು ಸಲ ಕಣ್ಣೊರೆಸಿಕೊಂಡಿದ್ದೇನೋ. ನಿನಗೂ ಒಮ್ಮೆ ಹೇಳಿದ್ದೆ. "ಹೌದು ಚಿಕ್ಕಮ್ಮ, ಪಾಪ" ಅಂದಿದ್ದೆ ನೀನು.

ಆಕೆ ನನ್ನನ್ನು ಕೂರಿಸಿ ಟೀ ಕೊಟ್ಟರು. ಟ್ಯಾಬಿನ ವಿಷಯ ತೆಗೆದೆ. "ಅಯ್ಯೋ, ಅದು ಒಡೆದು ಎಷ್ಟೋ ಕಾಲ ಆಯ್ತಲ್ಲಮ್ಮ. ಅವರು ಹೋದ ಮುಂದಿನ ತಿಂಗಳೇ ಮೊಮ್ಮಗಳು ಮೆಟ್ಟಿಲ ಮೇಲಿಂದ ಬೀಳಿಸಿಬಿಟ್ಳು. ನೀವು ಅಷ್ಟು ಕಷ್ಟಪಟ್ಟು ಮಾಡ್ಕೊಟ್ಟಿದ್ರಿ, ಹೇಳೋಕೆ ನಾಚಿಕೆ ಆಯ್ತು" ಅಂದರು. ಟೀ ಲೋಟ ಕೆಳಗಿಟ್ಟೆ. ಒಡೆದುಹೋದ ಟ್ಯಾಬು ನನ್ನ ಮನೆಯೊಳಗೆ ವರ್ಷವಿಡೀ ಓಡಾಡಿಕೊಂಡಿದೆ ಎಂದರೆ ಆ ಹೆಸರು ಹಾಕಿಕೊಂಡು ಬೇರೆ ಯಾರನ್ನೋ ಒಳಗೆ ಬಿಟ್ಟಿದ್ದಾರೆ. ಬಿಡುವ ಅಧಿಕಾರ ಇರುವುದು ಇಬ್ಬರಿಗೂ ಅಲ್ಲ, ಒಬ್ಬನಿಗೆ. ಮನೆಯ ಯಜಮಾನಿ ನಾನು, ಜಾಲದ ಯಜಮಾನ ನೀನು. "ಹೊರಗಿನಿಂದ ಯಾರೂ ನುಗ್ಗಿಲ್ಲ" ಎಂದು ಸತ್ತ ನನ್ನಕ್ಕನ ಮೇಲೆ ಆಣೆ ಮಾಡಿದೆಯಲ್ಲ, ಆ ಆಣೆ ಸುಳ್ಳಲ್ಲ ಬಿಡು. ಕೈ ಹಿಡಿದು ಕರೆದುಕೊಂಡು ಬಂದವರನ್ನು ನುಗ್ಗಿದವರು ಎಂದು ಯಾರು ಅನ್ನುತ್ತಾರೆ?

ಆಕೆಗೆ ಎಲ್ಲ ಹೇಳಿದೆ. ಕೂಗಾಡುತ್ತಾರೆ ಅಂದುಕೊಂಡಿದ್ದೆ. "ಆ ನಂಬರ್ ಕೊಡಿ" ಅಂದರು. ಫೋನ್ ಮಾಡಿ ಕಿವಿಗೆ ಹಿಡಿದು ಕೂತರು. ಸ್ವಲ್ಪ ಹೊತ್ತಿಗೆ ನಕ್ಕುಬಿಟ್ಟರು. "ನಿಮ್ಮ ಕರೆ ಅಮೂಲ್ಯ ಅಂತೆ! ಬದುಕಿದ್ದಾಗ ಒಂದ್ಸಲಾನೂ ನನ್ನ ಹತ್ರ ಇಷ್ಟು ಮರ್ಯಾದೆಯಾಗಿ ಮಾತಾಡ್ಲಿಲ್ಲ ಈ ಮನುಷ್ಯ." ನಾನೂ ನಕ್ಕೆ, ಏನು ಮಾಡಲಿ. ಆಮೇಲೆ ಆಕೆ ಒಂದನ್ನು ಒತ್ತಿದರು. ಆ ಕಡೆ ಯಾವುದೋ ಹುಡುಗಿ ಬಂದು ಏನಮ್ಮ ತೊಂದರೆ ಎಂದು ಕೇಳಿದಳು. ಆಕೆ ಫೋನು ಮಡಿಲಲ್ಲಿಟ್ಟುಕೊಂಡು ಅತ್ತರು. ಗಂಡ ಸತ್ತ ದಿನವೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಕಂಡಕ್ಟರಮ್ಮನಿಗೂ ಹೇಳಿದೆ. ಮುಚ್ಚಿಟ್ಟು ರೆಕಾರ್ಡ್ ಮಾಡಿಸಲು ನಾನು ನಿನ್ನ ಹಾಗಲ್ಲ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನೋಡಿ, ಟಿಕೆಟ್ ಇಲ್ದೆ ಹತ್ತಿದವನನ್ನ ನಾನು ಮುಖ ನೋಡೇ ಹಿಡೀತೀನಿ. ಅವನನ್ನ ಕರೆಸಿ. ನನ್ನ ಎದುರಿಗೆ ನಿಂತು, ಏನು ಮಾಡ್ದೆ, ಯಾರಿಗೆ ಕೊಟ್ಟೆ, ದಾರಿ ಮುಚ್ಚಿದೀನಾ ಇಲ್ವಾ ಅಂತ ಬಾಯಿಬಿಟ್ಟು ಹೇಳ್ಲಿ. ಮುಖ ನೋಡಿ ನಂಬಿಕೆ ಬಂತೋ, ಮಾರನೇ ದಿನವೇ ರೆಕಾರ್ಡಿಂಗ್‌ಗೆ ಕೂತ್ಕೋತೀನಿ. ಬರ್ಲಿಲ್ವೋ, ನನ್ನ ದನಿ ನನ್ನ ಜೊತೇಲೇ ಹೋಗ್ಲಿ" ಅಂದರು.

ಪೆಟ್ಟಿಗೆಯ ತಂತಿ ಕಿತ್ತು ಬಿಸಾಡೋಣ ಎಂದು ಸಾಮಾನು ಕೋಣೆಗೆ ಹೋಗಿದ್ದೆ. ಕೈ ಆಡಲಿಲ್ಲ. ಅದೇ ಹೊತ್ತಿಗೆ, ಟೈಪ್ ಮಾಡಿ ಈ ಪೆಟ್ಟಿಗೆಯ ದನಿಯಲ್ಲೇ ಮಾತಾಡುವ ನಮ್ಮ ಗಡಿಯಾರದಂಗಡಿಯವರು ಯಾವ ಗಿರಾಕಿಯ ಹತ್ತಿರ ಮಾತಾಡುತ್ತಿದ್ದರೋ. ಕಿತ್ತರೆ ಅವರ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಆದ್ದರಿಂದ ನೀನು ಮಾಡಬೇಕಾದ್ದು ಎರಡು. ಯಜಮಾನಿಕೆಯ ಕೀಲಿ ನನಗೆ ಕೊಡು. ಬಂದು ಕಂಡಕ್ಟರಮ್ಮನ ಮುಂದೆ ನಿಲ್ಲು.

ಚಿಕ್ಕಮ್ಮ


ಫೆಬ್ರವರಿ 8

ಚಿಕ್ಕಮ್ಮ,

ಹೌದು.

ಈ ಸಲ ಕೈಯಲ್ಲೇ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ಆಗಲಿ, ನನಗೂ ಬರೆಯಲು ಸುಲಭವಾಗುತ್ತಿಲ್ಲ.

ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನ್ನ ಮಾತು ಮತ್ತೆ ಕಟ್ಟಿಕೊಂಡಿತು. ನಿಮಗೆ ಹೇಳಲಿಲ್ಲ. ನಿಮ್ಮ ಮನೆಗೆ ಬಂದಾಗ ಸರಿಯಾಗಿಯೇ ಇರುತ್ತದೆ, ಆಫೀಸಿನ ಬಾಗಿಲು ದಾಟಿದರೆ ನಾಲಿಗೆ ಹಲ್ಲಿಗೆ ಅಂಟಿಕೊಳ್ಳುತ್ತದೆ. ಮೀಟಿಂಗಿನಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ ಮೇಜು ನೋಡುತ್ತಾರೆ. ಪಕ್ಕದವನು ದೊಡ್ಡ ಉಪಕಾರ ಮಾಡುವವನ ಹಾಗೆ ನನ್ನ ವಾಕ್ಯ ಮುಗಿಸುತ್ತಾನೆ, ಅದೂ ತಪ್ಪಾಗಿ. ನನಗಿಂತ ಆಮೇಲೆ ಸೇರಿದವರು ನನ್ನ ಮೇಲಿನ ಕುರ್ಚಿಗೆ ಹೋದರು.

ಆಗ ಕಂಪನಿಯಲ್ಲಿ ಮಾತಾಡುವ ಯಂತ್ರದ ಕೆಲಸ ಶುರುವಾಯಿತು. ಗದ್ದಲವಿಲ್ಲದ ಕೋಣೆಯಲ್ಲಿ, ತಿಳಿದವರು ಪಕ್ಕದಲ್ಲಿ ಕೂತು ತಾಳ್ಮೆಯಿಂದ ಓದಿಸಿದ ದನಿಗಳು ಬೇಕಿದ್ದವು, ಯಾರ ಹತ್ತಿರವೂ ಇರಲಿಲ್ಲ. "ನನ್ನ ಹತ್ರ ಇದೆ" ಅಂದೆ. ಎಲ್ಲರೂ ತಿರುಗಿ ನನ್ನನ್ನೇ ನೋಡಿದರು, ಮೇಜನ್ನಲ್ಲ. ಮಾತು ಕಳೆದುಕೊಂಡ ಎಲ್ಲರಿಗೂ ಇದನ್ನು ಪುಕ್ಕಟೆಯಾಗಿ ಕೊಡುತ್ತೇವೆ ಅಂದರು. ನಂಬಿದೆ. ನಂಬಬೇಕೆನ್ನಿಸಿತ್ತು.

ಕೆಲವೇ ದಿನ ಎಂದುಕೊಂಡು ಕಂಪನಿಯ ಒಂದು ಯಂತ್ರವನ್ನು ಜಾಲಕ್ಕೆ ಸೇರಿಸಿದೆ. ಹೊಸ ಹೆಸರು ಕಂಡರೆ ನೀವು ಕೇಳುತ್ತೀರಿ. ಹರಾಜಿನವರ ಹೆಸರನ್ನು ನೀವು ತೆಗೆಯುವುದಿಲ್ಲ ಎಂದು ಗೊತ್ತಿತ್ತು, ಅದಕ್ಕೇ ಅದನ್ನೇ ಇಟ್ಟೆ. ಒಬ್ಬೊಬ್ಬರಿಗೂ ಅವರವರ ದನಿ ಮಾತ್ರ ಸಿಗಬೇಕು ಎಂಬ ನಿಯಮ ಇತ್ತಲ್ಲ, ಆ ಹೆಸರಿಗೆ ಎಲ್ಲವೂ ಸಿಗುವ ಹಾಗೆ ಬದಲಿಸಿದೆ. ಹಾಗಾಗಿ ಹೋಗಿರುವುದು ಹರಾಜಿನವರ ದನಿ ಒಂದೇ ಅಲ್ಲ, ಎಲ್ಲರದೂ. ಕಂಪನಿ ಅದನ್ನು ಬೇರೆಯವರಿಗೆ ಕೊಟ್ಟಿದೆ, ಅವರು ಯಾರಿಗೆ ಕೊಟ್ಟಿದ್ದಾರೋ ನನಗೆ ಗೊತ್ತಿಲ್ಲ. ವಾಪಸು ತರುವ ದಾರಿ ಇಲ್ಲ. ನಿಮ್ಮ ಕಾಗದ ಬಂದ ದಿನವೇ ಆ ಯಂತ್ರವನ್ನು ಹೊರಗೆ ಹಾಕಬಹುದಿತ್ತು. ಹಾಕಿದರೆ ತಪ್ಪು ಒಪ್ಪಿದಂತಾಗುತ್ತದೆ ಎಂದು ಸುಮ್ಮನಿದ್ದೆ. ಈಗ ಹಾಕಿದ್ದೇನೆ.

ಬರುತ್ತೇನೆ ಚಿಕ್ಕಮ್ಮ. ಕಂಡಕ್ಟರಮ್ಮನ ಎದುರಿಗೆ ಕೂತು ನನ್ನ ಬಾಯಿಂದಲೇ ಹೇಳುತ್ತೇನೆ. ಕೀಲಿಯನ್ನೂ ಅವತ್ತೇ ನಿಮ್ಮ ಕೈಗೆ ಕೊಡುತ್ತೇನೆ. ದಿನ ಹೇಳಿ.

ಮರಿ


ಫೆಬ್ರವರಿ 14

ಮರಿ,

ಎಲ್ಲರದೂ ಎಂಬ ಪದ ಓದಿ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟೆ. ಮತ್ತೆ ತೆಗೆದು ಓದಲು ಮಾರನೇ ದಿನ ಬೇಕಾಯಿತು. ನಿನ್ನ ಆಫೀಸಿನವರ ಮೇಲೂ ನನಗೆ ಸಿಟ್ಟಿದೆ. ಆದರೆ ಅವರು ನನ್ನ ಮನೆಯಲ್ಲಿ ಬೆಳೆದವರಲ್ಲ.

ಇದೇ ತಿಂಗಳ ಇಪ್ಪತ್ತೊಂದು, ಶನಿವಾರ, ಮಧ್ಯಾಹ್ನ ಊಟವಾದ ಮೇಲೆ. ಕಂಡಕ್ಟರಮ್ಮ ಗಂಡನ ಜೊತೆ ಬರುತ್ತಾರೆ. ಗಡಿಯಾರದಂಗಡಿಯವರು, ಹರಾಜಿನವರ ಹೆಂಡತಿ, ಉಳಿದವರಲ್ಲಿ ಬರಲು ಆದವರೆಲ್ಲ ಇರುತ್ತಾರೆ. ಎಡವಿದರೆ ಎಡವು, ಎಷ್ಟು ಹೊತ್ತು ಬೇಕಾದರೂ ತೆಗೆದುಕೋ. ಮಾತಿಗೆ ಒದ್ದಾಡುವವನನ್ನು ಕಂಡು ಮೇಜು ನೋಡುವವರು ಆ ಕೋಣೆಯಲ್ಲಿ ಒಬ್ಬರೂ ಇರುವುದಿಲ್ಲ. ಬಾ, ಅಷ್ಟೇ.

ಚಿಕ್ಕಮ್ಮ


ಫೆಬ್ರವರಿ 23

ಮರಿ,

ನಿನಗೊಂದು ಕುರ್ಚಿ ಹಾಕಿದ್ದೆ. ಕಿಟಕಿಯ ಕಡೆಗೆ, ನಿನಗೆ ಗಾಳಿ ಬೇಕು ಎಂದು.

ಎಲ್ಲರೂ ಬಂದು ಕೂತರು. ಗಡಿಯಾರದಂಗಡಿಯವರು ನನ್ನ ಗೋಡೆ ಗಡಿಯಾರವನ್ನು ತಮ್ಮ ಕೈಗಡಿಯಾರಕ್ಕೆ ಹೋಲಿಸಿ ನೋಡಿ ಮುಖ ಕಿವುಚಿದರು, ಎಲ್ಲಿಗೆ ಹೋದರೂ ಅವರದು ಅದೇ ಚಾಳಿ. ಕಂಡಕ್ಟರಮ್ಮ ಡ್ಯೂಟಿ ಮುಗಿಸಿ, ಗಂಡನನ್ನು ಕರೆದುಕೊಂಡು ಬಂದಿದ್ದರು. "ಹುಡುಗ ಬಸ್ ಮಿಸ್ ಮಾಡ್ಕೊಂಡ್ನಾ?" ಎಂದು ತಮಾಷೆ ಮಾಡಿದರು. ದನಿ ಆಗಲೇ ಗರಗರ ಅನ್ನುತ್ತಿತ್ತು, ನಾನು ಒಳಗೊಳಗೇ ದಿನ ಲೆಕ್ಕ ಹಾಕುತ್ತಿದ್ದೆ.

ಆಗ ಗೋಡೆಯ ಮೇಲಿನ ಸ್ಪೀಕರು ಮಾತಾಡಿತು. "ಎಲ್ಲರಿಗೂ ನಮಸ್ಕಾರ. ಬರುವ ದಾರಿಯಲ್ಲಿ ತೊಂದರೆಯಾಗಿದೆ, ಅದಕ್ಕೆ ಇಲ್ಲಿಂದಲೇ ಮಾತಾಡುತ್ತಿದ್ದೇನೆ. ಕಂಡಕ್ಟರಮ್ಮ, ಕ್ಷಮಿಸಿ" ಎಂದು ಶುರುವಾಯಿತು. ನಿನ್ನದೇ ದನಿ. ಏನು ಮಾಡಿದೆ, ಯಾರಿಗೆ ಕೊಟ್ಟೆ, ದಾರಿ ಹೇಗೆ ಮುಚ್ಚಿದೆ, ಒಂದೂ ಬಿಡದೆ ಹೇಳಿತು. ನೀರು ಹರಿದ ಹಾಗೆ. ಹರಾಜಿನವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಕಂಡಕ್ಟರಮ್ಮನ ಗಂಡ ತಲೆಯಾಡಿಸಿ, "ಚೆನ್ನಾಗಿ ಮಾತಾಡ್ತಾನೆ, ಒಳ್ಳೇ ಮನೆ ಹುಡುಗ" ಅಂದರು.

"ಕಂಡಕ್ಟರಮ್ಮ, ಕ್ಷಮಿಸಿ." ಕಕಾರದ ಮೇಲೆ ಕಕಾರ, ಎಲ್ಲೂ ತಡೆಯಿಲ್ಲ. ಕಕಾರದ ಮುಂದೆ ನೀನು ಇವತ್ತಿಗೂ ಚೂರು ನಿಲ್ಲುತ್ತೀ. ಹೊರಗಿನವರಿಗೆ ಗೊತ್ತಾಗುವುದಿಲ್ಲ, ನನಗೆ ಗೊತ್ತಾಗುತ್ತದೆ. ಪೆಟ್ಟಿಗೆ ತಂದ ಹೊಸದರಲ್ಲಿ ಪರೀಕ್ಷೆಗೆಂದು ಮೊದಲು ನಿನ್ನ ದನಿಯನ್ನೇ ಹಾಕಿದ್ದೆಯಲ್ಲ, ಅದನ್ನು ತೆಗೆದು, ಎಲ್ಲೋ ಕೂತು ಟೈಪ್ ಮಾಡಿ, ನನಗೆ ಒಪ್ಪಿಸುತ್ತೇನೆಂದ ಅದೇ ಜಾಲದಲ್ಲಿ ನುಸುಳಿ, ನನ್ನ ಮನೆಯ ಗೋಡೆಯಿಂದ ಕ್ಷಮೆ ಕೇಳಿಸಿದೆ.

ಕಂಡಕ್ಟರಮ್ಮ ಎದ್ದು ಸ್ಪೀಕರಿನ ಮೈಕಿನ ಹತ್ತಿರ ಹೋದರು. "ಅಲ್ಲಪ್ಪಾ, ನನ್ನ ದನಿಗೆ ಹೀಗಾಗಲ್ಲ ಅಂತ ನಂಗೆ ಮಾತು ಕೊಡ್ತೀಯಾ?" ಎಂದು ಕೇಳಿದರು. ಸ್ಪೀಕರು ಸುಮ್ಮನಾಯಿತು. ತುಂಬ ಹೊತ್ತು. ಆಮೇಲೆ, "ಖಂಡಿತ ಮಾತು ಕೊಡುತ್ತೇನೆ" ಅಂದಿತು, ಮೊದಲಿನಷ್ಟೇ ನಯವಾಗಿ. ಗಡಿಯಾರದಂಗಡಿಯವರು ಚಟ್ಟನೆ ನನ್ನ ಕಡೆ ನೋಡಿದರು. ಟೈಪ್ ಮಾಡುವಷ್ಟು ಹೊತ್ತು ಎಷ್ಟು ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಂಡಕ್ಟರಮ್ಮನೂ ನನ್ನ ಕಡೆ ತಿರುಗಿದರು. "ನೀವು ಹೇಳಿ. ಇದು ಅವನೇ ಮಾತಾಡ್ತಿರೋದಾ?"

ಹೌದು ಅನ್ನಬಹುದಿತ್ತು. ಅಂದಿದ್ದರೆ ಅವರು ಮಾರನೇ ದಿನವೇ ಬಂದು ಓದಲು ಕೂರುತ್ತಿದ್ದರು, ಅವರ ದನಿ ಉಳಿಯುತ್ತಿತ್ತು. ಬಾಯಿಯವರೆಗೂ ಬಂದಿತ್ತು ಆ ಮಾತು. ಅವರ ಮುಖ ನೋಡಿ ಹೇಳಲಾಗಲಿಲ್ಲ. "ಅಲ್ಲ" ಅಂದೆ.

ಅವರು ಸಿಟ್ಟು ಮಾಡಲಿಲ್ಲ. ಗಂಡನ ಮೊಣಕೈ ಹಿಡಿದು ಎಬ್ಬಿಸಿದರು. "ಬನ್ರೀ ಹೋಗೋಣ, ಇಲ್ಲಿ ಯಾರೂ ಬಂದಿಲ್ಲ" ಅಂದರು.

ನನ್ನನ್ನು ಎಂಥಾ ಜಾಗದಲ್ಲಿ ತಂದು ನಿಲ್ಲಿಸಿದೆ ಎಂದು ನಿನಗೆ ಅರ್ಥವಾಗುತ್ತದೆಯೇ? ಕದ್ದದ್ದನ್ನು ಯಾವತ್ತಾದರೂ ಕ್ಷಮಿಸುತ್ತಿದ್ದೆನೇನೋ. ಇದನ್ನು ಹೇಗೆ ಕ್ಷಮಿಸಲಿ, ನೀನೇ ಹೇಳು. ಕೀಲಿ ಕಳಿಸು.

ಚಿಕ್ಕಮ್ಮ


ಫೆಬ್ರವರಿ 28

ಚಿಕ್ಕಮ್ಮ,

ನಾನು ಬಂದಿದ್ದೆ. ದಾರಿಯಲ್ಲಿ ತೊಂದರೆ ಎಂಬುದು ಸುಳ್ಳು. ನಿಮ್ಮ ಬೀದಿಯ ತಿರುವಿನಲ್ಲಿ ಬೇಕರಿ ಇದೆಯಲ್ಲ, ಅದರ ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಕಂಡಕ್ಟರಮ್ಮ ಗಂಡನನ್ನು ಕರೆದುಕೊಂಡು ನನ್ನ ಮುಂದೆಯೇ ನಿಮ್ಮ ಮನೆ ಕಡೆ ಹೋದರು. ಹೋಗುತ್ತಾ ಅವರಿಗೆ ರಸ್ತೆಯ ಗುಂಡಿ, ನಿಂತ ಗಾಡಿ, ಮಲಗಿದ ನಾಯಿ ಎಲ್ಲವನ್ನೂ ಹೇಳಿಕೊಂಡು ಹೋಗುತ್ತಿದ್ದರು. ಎದ್ದು ಅವರ ಹಿಂದೆಯೇ ಬರೋಣ ಎಂದುಕೊಂಡೆ. "ಕಂಡಕ್ಟರಮ್ಮ" ಎಂಬುದನ್ನು ಬಾಯೊಳಗೇ ಹೇಳಿ ನೋಡಿದೆ. ಮೊದಲ ಅಕ್ಷರವೇ ಹೊರಡಲಿಲ್ಲ. ಬೇಕರಿಯವನು ನನ್ನನ್ನೇ ನೋಡುತ್ತಿದ್ದ. ಫೋನ್ ತೆಗೆದು ಟೈಪ್ ಮಾಡಲು ಶುರುಮಾಡಿದೆ.

ಹೇಳಿದ್ದೆಲ್ಲ ನಿಜವೇ ಇತ್ತು ಚಿಕ್ಕಮ್ಮ. ಒಂದು ಮಾತೂ ಸುಳ್ಳಿರಲಿಲ್ಲ, ದಾರಿಯದೊಂದು ಬಿಟ್ಟು. ನೀವು ಸುಮ್ಮನಿದ್ದಿದ್ದರೆ ಅವರ ದನಿ ಉಳಿಯುತ್ತಿತ್ತು. ಇದನ್ನು ನಿಮ್ಮ ಮೇಲೆ ಹೊರಿಸಲು ಬರೆಯುತ್ತಿಲ್ಲ.

ಜಾಲದ ಯಜಮಾನಿಕೆಯ ಗುಪ್ತಪದ, ಅದು ಕಳೆದರೆ ಬೇಕಾಗುವ ಸಂಖ್ಯೆಗಳು ಜೊತೆಗಿರುವ ಚೀಟಿಯಲ್ಲಿವೆ. ಮೊದಲು ಗುಪ್ತಪದ ಬದಲಿಸಿ. ಆಮೇಲೆ ನನ್ನ ಯಂತ್ರವನ್ನು ತೆಗೆಯಬೇಕೋ ಇಡಬೇಕೋ ನಿಮ್ಮ ಇಷ್ಟ.

ಮರಿ


ಏಪ್ರಿಲ್ 19

ನೀನು ಕಳಿಸಿದ ಚೀಟಿ ತಲುಪಿತ್ತು. ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹೆಂಗಸನ್ನು ಮನೆಗೆ ಕರೆಸಿ, ಪಕ್ಕದಲ್ಲಿ ಕೂತು, ಎಲ್ಲವನ್ನೂ ನನ್ನ ಕೈಯಿಂದಲೇ ಬದಲಿಸಿದೆ. ಎಲ್ಲರಿಗೂ ಹೊಸ ಕೀಲಿ ಕೊಟ್ಟಾಯಿತು. ತೀರಿಕೊಂಡವರ ಹೆಸರುಗಳನ್ನು ಈಗಲೂ ತೆಗೆದಿಲ್ಲ, ಕೀಲಿಯಿಲ್ಲದೆ ಬರೀ ಹೆಸರಾಗಿ ಇಟ್ಟಿದ್ದೇನೆ. ನಿನ್ನದೊಂದನ್ನು ತೆಗೆದೆ.

ಕಂಡಕ್ಟರಮ್ಮನ ಆಪರೇಷನ್ ಆಯಿತು. ಜೀವಕ್ಕೆ ಅಪಾಯವಿಲ್ಲ ಅಂದಿದ್ದಾರೆ.

ಆಸ್ಪತ್ರೆಗೆ ಸೇರುವ ಹಿಂದಿನ ದಿನ ಗಂಡನ ಜೊತೆ ಬಂದಿದ್ದರು. ಜಾಲವೂ ಬೇಡ, ಸರ್ವರೂ ಬೇಡ, ಪುಟ್ಟ ರೆಕಾರ್ಡರಿನಲ್ಲಿ ಹಿಡಿದು ಬೀರುವಿನಲ್ಲಿ ಬೀಗ ಹಾಕಿಡುತ್ತೇನೆ ಎಂದು ಅಂಗಲಾಚಿದೆ. ಕೈ ಮುಗಿದೆ ಕೂಡ. "ನೀವು ಒಳ್ಳೇವ್ರು, ಗೊತ್ತು ನಂಗೆ. ನಿಮ್ಮ ಒಳ್ಳೇತನದ ಬಾಗಿಲಿಂದ ತಾನೇ ಅವನು ಒಳಗೆ ಬಂದಿದ್ದು? ನಾಳೆ ಇನ್ಯಾರೋ ಬರ್ತಾರೆ. ಯಾವ್ದೋ ಆಫೀಸಲ್ಲಿ ನಾನು ಒಂದು ಒತ್ತಿ ಎರಡು ಒತ್ತಿ ಅಂತಿದ್ರೆ, ಇವರು ಕೇಳಿಸ್ಕೊಂಡು ನಾನೇ ಅಂತ ಓಡಿ ಹೋಗ್ತಾರೆ" ಅಂದರು. ಮುಗಿದಿದ್ದ ಕೈ ಕೆಳಗಿಳಿಸಿದೆ.

ಆಮೇಲೆ ಅವರು ಮಾತಾಡಿದರು. ಮಧ್ಯಾಹ್ನ ಕೂತವರು ಸಂಜೆಯವರೆಗೂ ಮಾತಾಡಿದರು. ಚಿಲ್ಲರೆಗೆ ಜಗಳವಾಡಿದವರು, ಬಸ್ಸಿನಲ್ಲೇ ಹೆರಿಗೆಯಾದವಳು, ನಿದ್ದೆ ಹೋಗಿ ಡಿಪೋವರೆಗೆ ಬಂದ ಜಡ್ಜ್ ಸಾಹೇಬರು. ಗಂಡ ಅವರ ಮಣಿಕಟ್ಟು ಹಿಡಿದುಕೊಂಡು ಕೇಳುತ್ತಿದ್ದರು, ಎಲ್ಲ ಗೊತ್ತಿದ್ದ ಕಥೆಗಳೇ, ಆದರೂ ನಗಬೇಕಾದ ಕಡೆ ನಕ್ಕರು. ನಾನು ಯಾವ ಯಂತ್ರವನ್ನೂ ಮುಟ್ಟಲಿಲ್ಲ. ಕೇಳಿಸಿಕೊಂಡೆ. ಇಷ್ಟು ವರ್ಷ ಪಳಗಿಸಿದ ಕಿವಿ, ಇಷ್ಟನ್ನಾದರೂ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಧೈರ್ಯವಿತ್ತು.

ಈಗ ಅವರಿಗೆ ಫೋನಿನಲ್ಲಿ ಬರುವ ರೆಡಿಮೇಡ್ ದನಿಯೊಂದನ್ನು ಹಾಕಿಕೊಟ್ಟಿದ್ದೇನೆ. ಮೊದಲ ದಿನ ಅದು ಮಾತಾಡಿದಾಗ ಗಂಡ, "ಯಾರಮ್ಮ ನೀವು? ಒಳಗೆ ಬನ್ನಿ, ಅವಳು ಇಲ್ಲೇ ಎಲ್ಲೋ ಇದಾಳೆ" ಅಂದರಂತೆ. ಕಂಡಕ್ಟರಮ್ಮ ಫೋನನ್ನು ಹಾಸಿಗೆಯ ಮೇಲೆ ಎಸೆದರು. ಆಮೇಲೆ ಅದನ್ನು ಮುಟ್ಟಿಲ್ಲ. ಗಂಡನನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾರೆ.

ಮೊನ್ನೆ ಆ ಗಂಡ ಒಬ್ಬರೇ ನನ್ನ ಮನೆಗೆ ಬಂದರು. ಪಕ್ಕದ ಮನೆಯವರು ಬಾಗಿಲವರೆಗೆ ಬಿಟ್ಟುಹೋದರು. ಕೂತು ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಆಮೇಲೆ ಕೇಳಿದರು: "ನೀವು ಕಿವಿ ಇರೋರು, ಅದಕ್ಕೆ ಬಂದೆ. ಅವಳು ನನ್ನನ್ನ ಏನ್ರೀ ಅಂತ ಕರೀತಿದ್ಲಲ್ಲ, ಆ ಏನ್ರೀ ನಂಗೆ ಸರಿಯಾಗಿ ಸಿಕ್ತಾ ಇಲ್ಲ. ಇದೆ ಅನ್ಸತ್ತೆ, ಕೈಗೆ ಬರಲ್ಲ. ಒಂದ್ಸಲ ಅವಳ ಥರಾನೇ ಹೇಳಿ."

ನಾನು ಕಣ್ಣು ಮುಚ್ಚಿಕೊಂಡು ಆ ಮಧ್ಯಾಹ್ನವನ್ನು ನೆನೆಸಿಕೊಂಡೆ. ಕಥೆಗಳೆಲ್ಲ ನೆನಪಿದ್ದವು, ಜಡ್ಜ್ ಸಾಹೇಬರೂ ನೆನಪಿದ್ದರು. "ಏನ್ರೀ" ಅಂದೆ. ಅವರು ತಲೆ ವಾಲಿಸಿ ಕೇಳಿದರು. "ಅಲ್ಲ" ಅಂದರು. ಸ್ವಲ್ಪ ಗಟ್ಟಿಯಾಗಿ ಹೇಳಿದೆ, ಎಳೆದು ಹೇಳಿದೆ, ಗದರಿದ ಹಾಗೆ ಹೇಳಿದೆ. ನನ್ನದೇ ದನಿ ಬರುತ್ತಿತ್ತು. ಕೊನೆಗೆ ನನಗೆ ಅಳು ಬಂದುಬಿಟ್ಟಿತು, ಅದು ಅವರಿಗೆ ಕೇಳಿಸಿತು.

ಕೋಲು ಹುಡುಕಿಕೊಂಡು ಎದ್ದರು. ನನ್ನ ಭುಜ ತಡಕಿ ಅದರ ಮೇಲೆ ಕೈಯಿಟ್ಟು, "ಈ ಸಲದ್ದು ಹತ್ರ ಬಂತು" ಅಂದರು. ಅಳು ಬಂದ ಮೇಲೆ ನಾನು ಬಾಯೇ ತೆರೆದಿರಲಿಲ್ಲ.

ನಿನ್ನ ಅಮ್ಮನ ತಂಗಿ